ಐಪಿವಿ4 ಸಾಕೇ, ಐಪಿವಿ6 ಬೇಕೇ, ಎರಡೂ ಇರಲೇ?

ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ ‘ಐಪಿವಿ6’ ಅಂತ ಒಂದು ಗುಂಡಿ ಇರುತ್ತದೆ. ಆನ್ ಮಾಡಿದರೆ ಏನೋ ಕೆಟ್ಟೀತು ಎಂಬ ಅಳುಕು, ಆಫ್ ಬಿಟ್ಟರೆ ಹಿಂದೆ ಬಿದ್ದೇವೇನೋ ಎಂಬ ಅನುಮಾನ. ಕಚೇರಿಯ ಜಾಲ ನೋಡಿಕೊಳ್ಳುವವರಿಗೂ, ಸರ್ವರ್ ಬಾಡಿಗೆಗೆ ಪಡೆಯುವವರಿಗೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಎದುರಾಗುತ್ತದೆ. ಇಂಟರ್ನೆಟ್‌ನಲ್ಲಿ ಸಾಧನಗಳಿಗೆ ವಿಳಾಸ ಕೊಟ್ಟು ಮಾಹಿತಿ ಸಾಗಿಸುವ ಪ್ರೊಟೊಕಾಲ್ (ನಿಯಮಗಳ ಕಟ್ಟು) ಇವು: ಹಳೆಯದು ಐಪಿವಿ4, ಹೊಸದು ಐಪಿವಿ6. ‘ಐಪಿವಿ6 ಬೇಕೋ ಬೇಡವೋ’ ಎಂದು ಕೇಳಿಕೊಂಡು ಕೂತರೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ಐಪಿವಿ4 ಇನ್ನೂ ಬಹಳ ವರ್ಷ ನಮ್ಮ ಜೊತೆಗೇ ಇರುತ್ತದೆ. ಆ ಹಳೆಯ ಐಪಿವಿ4ನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ? ಪ್ರತಿ ಸಾಧನದಲ್ಲೋ, ಜಾಲದ ಅಂಚಿನಲ್ಲೋ, ಸೇವಾದಾತರ ಕೈಯಲ್ಲೋ? ಹೀಗೆ ಕೇಳಿಕೊಂಡರೆ ಆಯ್ಕೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಹಿನ್ನೆಲೆ ಚಿಕ್ಕದು. 1981ರಲ್ಲಿ ನಿಗದಿಯಾದ ಐಪಿವಿ4 ವಿಳಾಸದ ಉದ್ದ 32 ಬಿಟ್. ಅಂದರೆ ಸುಮಾರು 430 ಕೋಟಿ ವಿಳಾಸ, ಅದರಲ್ಲೂ ಒಂದಷ್ಟು ವಿಶೇಷ ಕೆಲಸಗಳಿಗೆ ಮೀಸಲು. ಜಾಗತಿಕ ಸಂಗ್ರಹದ ಕೊನೆಯ ಕಂತುಗಳು 2011ರ ಫೆಬ್ರವರಿ 3ರಂದು ಹಂಚಿಹೋದವು. ಆಮೇಲೆ ಪ್ರಾದೇಶಿಕ ಸಂಸ್ಥೆಗಳ ಕಣಜಗಳೂ ಬರಿದಾದವು: ಏಷ್ಯಾ-ಪೆಸಿಫಿಕ್‌ನಲ್ಲಿ 2011ರ ಏಪ್ರಿಲ್, ಉತ್ತರ ಅಮೆರಿಕದಲ್ಲಿ 2015ರ ಸೆಪ್ಟೆಂಬರ್, ಯುರೋಪಿನಲ್ಲಿ 2019ರ ನವೆಂಬರ್. ಐಪಿವಿ6 ವಿಳಾಸ 128 ಬಿಟ್‌ನದು. ಇದರ ಮೊದಲ ವಿವರಣೆ 1995ರಲ್ಲೇ ಬಂದಿತ್ತು, ಪೂರ್ಣ ಇಂಟರ್ನೆಟ್ ಮಾನದಂಡವಾದದ್ದು 2017ರ ಜುಲೈಯಲ್ಲಿ. ಇಂದು ಗೂಗಲ್‌ಗೆ ಬರುವ ಬಳಕೆದಾರರಲ್ಲಿ ಶೇ. 40ಕ್ಕಿಂತ ಹೆಚ್ಚು ಮಂದಿ ಐಪಿವಿ6 ಮೂಲಕವೇ ತಲುಪುತ್ತಾರೆ. ಹೊಸ ತಂತ್ರಜ್ಞಾನ ಅಂತ ಇದನ್ನು ಕರೆಯುವುದೇ ಈಗ ಸ್ವಲ್ಪ ತಮಾಷೆ.

ಇಷ್ಟಾದರೂ ಬದಲಾವಣೆ ನಿಧಾನವಾಗಲು ಕಾರಣ ಒಂದೇ: ಎರಡೂ ಒಂದಕ್ಕೊಂದು ನೇರವಾಗಿ ಮಾತಾಡುವುದಿಲ್ಲ. ಪ್ರತಿ ಪ್ಯಾಕೆಟ್‌ನ (ಮಾಹಿತಿಯ ತುಣುಕಿನ) ತಲೆಯಲ್ಲಿರುವ ಹೆಡರ್ ಬೇರೆ, ವಿಳಾಸ ಬೇರೆ. ಐಪಿವಿ6 ಮಾತ್ರ ಇರುವ ಫೋನು ಐಪಿವಿ4 ಮಾತ್ರ ಇರುವ ಸರ್ವರ್ ತಲುಪಬೇಕಾದರೆ ನಡುವೆ ದುಭಾಷಿ ಬೇಕೇ ಬೇಕು. ಕೆಳಗಿನ ಆಯ್ಕೆಗಳಲ್ಲಿ ಇರುವ ಮುಖ್ಯ ವ್ಯತ್ಯಾಸ, ಆ ದುಭಾಷಿಯನ್ನು ಯಾರು ಸಾಕುತ್ತಾರೆ ಎಂಬುದು.

ಮೊದಲು ಅಳತೆಗೋಲು

ಆಯ್ಕೆಗೆ ಮೊದಲು ಐದು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ.

ಹೊರಗಿನಿಂದ ಒಳಗೆ ಯಾರಾದರೂ ಸಂಪರ್ಕಿಸಬೇಕೆ? ಕ್ಯಾಮೆರಾ, ಫೈಲ್ ಸರ್ವರ್, ಆಟದ ಸರ್ವರ್, ವಿಪಿಎನ್ (ಗೂಢಲಿಪಿಯ ಖಾಸಗಿ ಸಂಪರ್ಕ) ಇವೆಲ್ಲ ಈ ಲೆಕ್ಕಕ್ಕೆ ಬರುತ್ತವೆ. ಬೇಡವಾದರೆ ನಿಮ್ಮ ಅರ್ಧ ತಲೆನೋವು ಇಲ್ಲಿಗೇ ಮುಗಿಯಿತು.

ಸೇವಾದಾತರು ಏನು ಕೊಡುತ್ತಾರೆ? ರೂಟರ್‌ನ ಹೊರಮುಖದ ಐಪಿವಿ4 ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ: ಒಂದು ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ದೊಡ್ಡ ಪೆಟ್ಟಿಗೆಯ ಹಿಂದೆ. ಐಪಿವಿ6 ಕೊಡುತ್ತಾರಾದರೆ ಎಷ್ಟು ದೊಡ್ಡ ಪ್ರಿಫಿಕ್ಸ್ (ನಿಮ್ಮ ಎಲ್ಲ ವಿಳಾಸಗಳಿಗೂ ಸಮಾನವಾದ ಮುಂಭಾಗ), ಅದು ಸ್ಥಿರವೋ ಬದಲಾಗುತ್ತಿರುತ್ತದೋ ಎಂದು ಕೇಳಿ. ಇದರ ಮಹತ್ವ ಮುಂದೆ ತಿಳಿಯುತ್ತದೆ.

ಜಾಲದಲ್ಲಿರುವ ಅತ್ಯಂತ ಹಳೆಯ ಸಾಧನ ಯಾವುದು? ಹಳೆಯ ಪ್ರಿಂಟರ್, ಹಾಜರಾತಿ ಯಂತ್ರ, ಕಾರ್ಖಾನೆಯ ನಿಯಂತ್ರಕ, ಅಗ್ಗದ ಸ್ಮಾರ್ಟ್ ಬಲ್ಬು. ನಿಮ್ಮ ನಿರ್ಧಾರವನ್ನು ಹೊಸ ಲ್ಯಾಪ್‌ಟಾಪ್ ತೀರ್ಮಾನಿಸುವುದಿಲ್ಲ, ಇವು ತೀರ್ಮಾನಿಸುತ್ತವೆ.

ನೋಡಿಕೊಳ್ಳುವ ಕೈಗಳು ಎಷ್ಟು? ಎರಡು ಪ್ರೊಟೊಕಾಲ್ ಅಂದರೆ ಎರಡು ಸಾಲು ಫೈರ್‌ವಾಲ್ ನಿಯಮ, ಎರಡು ಬಗೆಯ ನಿಗಾ, ಎರಡು ಬಗೆಯ ತೊಂದರೆ.

ಐದನೆಯದು ಖರ್ಚು. ಐಪಿವಿ4 ವಿಳಾಸ ಈಗ ಕೊಂಡು ಮಾರುವ ಸರಕು. 2024ರ ಫೆಬ್ರವರಿಯಿಂದ ಅಮೆಜಾನ್‌ನ ಕ್ಲೌಡ್ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಗಂಟೆಯ ಲೆಕ್ಕದಲ್ಲಿ ಶುಲ್ಕ ಹಾಕುತ್ತಿದೆ. ಐಪಿವಿ6 ವಿಳಾಸಕ್ಕೆ ಖರ್ಚಿಲ್ಲ, ಆದರೆ ಅದನ್ನು ಕಲಿಯುವ ಸಮಯಕ್ಕಿದೆ.

ಆಯ್ಕೆ 1: ಐಪಿವಿ4ರಲ್ಲೇ ಉಳಿಯುವುದು

ಇದನ್ನು ಸೋಮಾರಿತನ ಎಂದು ತಳ್ಳಿಹಾಕಬೇಕಿಲ್ಲ. ಹೊರಜಗತ್ತಿನ ಜೊತೆ ಸಂಬಂಧವೇ ಇಲ್ಲದ ಕಾರ್ಖಾನೆಯ ಒಳಜಾಲ, ಇನ್ನೆರಡು ವರ್ಷದಲ್ಲಿ ಮುಚ್ಚಲಿರುವ ವ್ಯವಸ್ಥೆ, ಐಪಿವಿ4 ಬಿಟ್ಟರೆ ಬೇರೇನೂ ತಿಳಿಯದ ಉಪಕರಣಗಳ ಗುಂಪು: ಇಂಥ ಕಡೆ ಇದೇ ಸರಿಯಾದ ಉತ್ತರ. 10ರಿಂದ ಶುರುವಾಗುವ ಖಾಸಗಿ ವಿಳಾಸಗಳೇ 1.67 ಕೋಟಿಗೂ ಹೆಚ್ಚಿವೆ; ಒಳಜಾಲಕ್ಕೆ ಕೊರತೆಯಿಲ್ಲ.

ಇಂಟರ್ನೆಟ್ ಕಡೆಗೆ ಮುಖ ಮಾಡಿದಾಗ ಮಾತ್ರ ಲೆಕ್ಕ ಬೇರೆ. ಸ್ವಂತ ಸಾರ್ವಜನಿಕ ವಿಳಾಸ ಇರುವವರೆಗೆ ಪೋರ್ಟ್ ಫಾರ್ವರ್ಡಿಂಗ್ ಮಾಡಿ, ಅಂದರೆ ರೂಟರ್‌ನ ಒಂದು ಪೋರ್ಟ್‌ಗೆ (ಸೇವೆಯ ಬಾಗಿಲಿನ ಸಂಖ್ಯೆಗೆ) ಬಂದದ್ದನ್ನು ಒಳಗಿನ ಸಾಧನಕ್ಕೆ ತಿರುಗಿಸಿ, ಹೇಗೋ ನಡೆಸಬಹುದು. ಸಿಜಿನ್ಯಾಟ್ ಬಂದ ಮೇಲೆ ಆ ದಾರಿಯೂ ಮುಚ್ಚುತ್ತದೆ, ಏಕೆಂದರೆ ಪೋರ್ಟ್ ತೆರೆಯಬೇಕಾದ ಪೆಟ್ಟಿಗೆ ನಿಮ್ಮ ಕೈಯಲ್ಲಿಲ್ಲ. ಒಂದು ವಿಳಾಸಕ್ಕೆ ಇರುವುದು 65,536 ಪೋರ್ಟ್. ಮೊದಲ 1,024 ಬಿಟ್ಟು ಪ್ರತಿ ಗ್ರಾಹಕರಿಗೆ 1,024ರಂತೆ ಹಂಚಿದರೆ ಒಂದೇ ವಿಳಾಸದಲ್ಲಿ 63 ಮನೆಗಳು. ಆ 63ರಲ್ಲಿ ಒಬ್ಬರು ಸ್ಪ್ಯಾಮ್ ಕಳಿಸಿ ಕಪ್ಪುಪಟ್ಟಿಗೆ ಬಿದ್ದರೆ ಉಳಿದ 62 ಮನೆಯವರೂ ‘ನಾನು ರೋಬಾಟ್ ಅಲ್ಲ’ ಎಂದು ಸಂಚಾರದೀಪಗಳ ಚಿತ್ರ ಒತ್ತುತ್ತಾ ಕೂರಬೇಕು. ನೂರಾರು ಸಂಪರ್ಕ ಒಟ್ಟಿಗೆ ತೆರೆಯುವ ತಂತ್ರಾಂಶಗಳು ಪೋರ್ಟ್ ಮಿತಿ ಮುಟ್ಟಿದಾಗ ಪುಟಗಳು ಅರ್ಧ ತೆರೆದು ನಿಲ್ಲುತ್ತವೆ, ಕಾರಣ ಮಾತ್ರ ಎಲ್ಲೂ ಕಾಣಿಸುವುದಿಲ್ಲ. ಸುಮ್ಮನಿದ್ದ ಯುಡಿಪಿ (ಕರೆಗಳಂಥವು ಬಳಸುವ ಹಗುರ ಸಾಗಣೆ ವಿಧಾನ) ಸಂಪರ್ಕವನ್ನು ನ್ಯಾಟ್ (ಹಲವು ಸಾಧನಗಳ ಪರವಾಗಿ ಒಂದೇ ವಿಳಾಸ ತೋರಿಸುವ ಅನುವಾದಕ) ಬೇಗ ಮರೆತುಬಿಡುವುದರಿಂದ ಕರೆ ಮತ್ತು ಸಂದೇಶದ ಆ್ಯಪ್‌ಗಳು ಆಗಾಗ ‘ನಾನಿನ್ನೂ ಇದ್ದೇನೆ’ ಎಂದು ಪ್ಯಾಕೆಟ್ ಕಳಿಸುತ್ತಲೇ ಇರಬೇಕು. ಅದರ ಬೆಲೆ ತೆರುವುದು ಬ್ಯಾಟರಿ.

ಇಲ್ಲಿ ಒಂದು ಎಚ್ಚರಿಕೆ. ‘ನಮ್ಮಲ್ಲಿ ಐಪಿವಿ6 ಇಲ್ಲ’ ಎನ್ನುವ ಕಚೇರಿಗಳಲ್ಲಿ ಬಹುತೇಕ ಎಲ್ಲದರಲ್ಲೂ ಅದು ಇದೆ. ಇಂದಿನ ವಿಂಡೋಸ್, ಮ್ಯಾಕ್, ಲಿನಕ್ಸ್, ಫೋನುಗಳೆಲ್ಲ ಐಪಿವಿ6ನ್ನು ಆನ್ ಇಟ್ಟುಕೊಂಡೇ ಬರುತ್ತವೆ. ಯಾರೋ ಒಬ್ಬರು ತಪ್ಪಾಗಿ ಹೊಂದಿಸಿದ ರೂಟರ್ ತಂದು ಸಿಕ್ಕಿಸಿದರೆ ಸಾಕು, ಅದು ‘ದಾರಿ ನಾನೇ’ ಎಂದು ಸಾರಿದ್ದನ್ನು ಎಲ್ಲ ಯಂತ್ರಗಳೂ ನಂಬುತ್ತವೆ. ಐಪಿವಿ6 ಬಳಸದಿದ್ದರೂ ಸ್ವಿಚ್‌ಗಳಲ್ಲಿ ಇಂಥ ಸಾರಿಕೆಯನ್ನು ತಡೆಯುವ ಆರ್‌ಎ ಗಾರ್ಡ್ ಹಾಕಿಡಿ. ಹಾಗೆಯೇ ಐಪಿವಿ4 ಮಾತ್ರ ಬಲ್ಲ ವಿಪಿಎನ್ ಬಳಸುವಾಗ ಐಪಿವಿ6 ಸಂಚಾರ ಅದರ ಹೊರಗೇ ಸಲೀಸಾಗಿ ಹರಿದುಹೋಗುತ್ತದೆ.

ಆಯ್ಕೆ 2: ಡ್ಯುಯಲ್ ಸ್ಟಾಕ್

ಪ್ರತಿ ಸಾಧನಕ್ಕೂ ಎರಡು ವಿಳಾಸ, ಹಳೆಯದೊಂದು ಹೊಸದೊಂದು. ಎರಡು ದೋಣಿಯ ಮೇಲೆ ಕಾಲಿಡಬಾರದು ಅಂತಾರೆ, ಇಲ್ಲಿ ಮಾತ್ರ ಎರಡು ದೋಣಿಯನ್ನೂ ಒಟ್ಟಿಗೆ ಕಟ್ಟಿಕೊಂಡೇ ಹೋಗುವುದು. ಹೋಗಬೇಕಾದ ತಾಣಕ್ಕೆ ಐಪಿವಿ6 ಇದ್ದರೆ ಅದರಲ್ಲಿ, ಇಲ್ಲವಾದರೆ ಐಪಿವಿ4ರಲ್ಲಿ. ದುಭಾಷಿಯ ಅಗತ್ಯವೇ ಬೀಳದಿರುವುದರಿಂದ ಹೊಂದಾಣಿಕೆಯ ತೊಂದರೆ ಅತಿ ಕಡಿಮೆ. ಮನೆ ಮತ್ತು ಸಣ್ಣ ಕಚೇರಿಗೆ ನಮ್ಮ ಮೊದಲ ಶಿಫಾರಸು ಇದೇ.

ಲಾಭ ಎದ್ದು ಕಾಣುವುದು ಸಿಜಿನ್ಯಾಟ್ ಹಿಂದಿರುವವರಿಗೆ. ಐಪಿವಿ6ರಲ್ಲಿ ನಿಮ್ಮ ಫೈಲ್ ಸರ್ವರ್‌ಗೆ ಜಗತ್ತಿನಲ್ಲಿ ಬೇರಾರಿಗೂ ಇಲ್ಲದ ವಿಳಾಸ ಸಿಗುತ್ತದೆ. ಫೈರ್‌ವಾಲ್‌ನಲ್ಲಿ ಒಂದು ನಿಯಮ ಬರೆದರೆ ಹೊರಗಿನಿಂದ ನೇರ ಸಂಪರ್ಕ. ಆದರೆ ಹೊರಗಿನಿಂದ ಬರುವವರ ಬಳಿಯೂ ಐಪಿವಿ6 ಇರಬೇಕು ಎಂಬುದನ್ನು ಮರೆಯಬೇಡಿ. ಹೋಟೆಲ್‌ನ ವೈಫೈಯಲ್ಲಿ ಕೂತು ಮನೆಯ ಸರ್ವರ್ ಸಿಗುತ್ತಿಲ್ಲ ಎಂದು ಗೊಣಗುವುದು ಇಂಥ ಹೊತ್ತಲ್ಲೇ.

ಈಗ ಪ್ರಿಫಿಕ್ಸ್ ವಿಷಯ. ಐಪಿವಿ6ರಲ್ಲಿ ಒಂದು ಜಾಲಕ್ಕೆ ಒಂದು /64 (ವಿಳಾಸದ ಮೊದಲ 64 ಬಿಟ್ ಪ್ರಿಫಿಕ್ಸ್; ಈ ಅಂಕಿ ಚಿಕ್ಕದಾದಷ್ಟೂ ಜಾಗ ದೊಡ್ಡದು) ಎಂಬುದು ರೂಢಿ ಮಾತ್ರವಲ್ಲ, ಸಾಧನಗಳು ತಮ್ಮ ವಿಳಾಸ ತಾವೇ ಕಟ್ಟಿಕೊಳ್ಳುವ ಸ್ಲಾಕ್ ಪದ್ಧತಿ ಅದರ ಮೇಲೇ ನಿಂತಿದೆ. ಸೇವಾದಾತರು ಒಂದೇ ಒಂದು /64 ಕೊಟ್ಟರೆ ಅತಿಥಿಗಳ ವೈಫೈ, ಸ್ಮಾರ್ಟ್ ಸಾಧನಗಳು, ಮನೆಯ ಕಂಪ್ಯೂಟರ್ ಎಂದು ಜಾಲ ಬೇರ್ಪಡಿಸಲು ಸಾಧ್ಯವಾಗುವುದಿಲ್ಲ. /60 ಕೊಟ್ಟರೆ 16 ಜಾಲ, /56 ಕೊಟ್ಟರೆ 256, /48 ಕೊಟ್ಟರೆ 65,536. ಮನೆಗೆ /56, ಕಚೇರಿಗೆ /48 ಕೇಳಿ. ‘ಅಷ್ಟೆಲ್ಲ ಯಾಕೆ, ವ್ಯರ್ಥವಲ್ಲವೇ’ ಎಂಬ ಮಾತು ಬಂದರೆ ಅದು ಐಪಿವಿ4 ಕಾಲದ ಜಿಪುಣತನ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಿಜ, ಆದರೆ ಇಲ್ಲಿ ಹಾಸಿಗೆಯೇ ಬಹಳ ದೊಡ್ಡದು. ಒಂದು /64ನ್ನು ಒಡೆದು /80 ಮಾಡಿ ಹಂಚಲು ಹೋದರೆ ಫೋನುಗಳಿಗೆ ವಿಳಾಸವೇ ಸಿಗದೆ ಹೋಗುತ್ತದೆ.

ಪ್ರಿಫಿಕ್ಸ್ ಬದಲಾಗುತ್ತಿದ್ದರೆ ಇನ್ನೊಂದು ಪೇಚು. ರೂಟರ್ ಮರುಚಾಲನೆಯಾದಾಗ ಹೊಸ ಪ್ರಿಫಿಕ್ಸ್ ಬಂದರೂ ಸಾಧನಗಳು ಹಳೆಯ ವಿಳಾಸವನ್ನು ಕೆಲಕಾಲ ಹಿಡಿದುಕೊಂಡೇ ಇರುತ್ತವೆ. ‘ಇಂಟರ್ನೆಟ್ ಇದೆ, ಆದರೆ ನಡೆಯುತ್ತಿಲ್ಲ’ ಎಂಬ ಸ್ಥಿತಿ. ಇಂಥಲ್ಲಿ ಪ್ರಿಂಟರ್, ಫೈಲ್ ಸರ್ವರ್‌ನಂಥ ಒಳಗಿನ ಸೇವೆಗಳಿಗೆ ಹೊರಗೆ ಹೋಗದ ಸ್ಥಳೀಯ ಐಪಿವಿ6 ವಿಳಾಸ, ಅಂದರೆ ಎಫ್‌ಡಿ ಅಕ್ಷರಗಳಿಂದ ಶುರುವಾಗುವಂಥದ್ದನ್ನು ಕೊಡಿ. ಹೊರಗಿನಿಂದ ಬೇಕಾದ ಸರ್ವರ್‌ಗೆ ಡೈನಾಮಿಕ್ ಡಿಎನ್‌ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್; ಇದು ವಿಳಾಸ ಬದಲಾದಂತೆ ದಾಖಲೆಯನ್ನೂ ಬದಲಿಸುವ ಸೇವೆ) ಹಾಕಿ, ಅದರ ನವೀಕರಣ ಆ ಸರ್ವರ್‌ನಿಂದಲೇ ನಡೆಯಲಿ. ರೂಟರ್‌ನಿಂದ ಮಾಡಿಸಿದರೆ ರೂಟರ್‌ನ ವಿಳಾಸ ದಾಖಲಾಗುತ್ತದೆ, ಸರ್ವರ್‌ನದಲ್ಲ. ನ್ಯಾಟ್ ಕಾಲದ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಹೊಂದಿಸುವ ಕ್ರಮ ಹೀಗೆ. ರೂಟರ್‌ನ ಹೊರಮುಖದಲ್ಲಿ ಡಿಎಚ್‌ಸಿಪಿವಿ6 (ಕೇಳಿದ ಸಾಧನಕ್ಕೆ ವಿಳಾಸ ಹಂಚುವ ವಿಧಾನ), ಜೊತೆಗೆ ಸೇವಾದಾತರಿಂದ ಪ್ರಿಫಿಕ್ಸ್ ಪಡೆಯುವ ಪ್ರಿಫಿಕ್ಸ್ ಡೆಲಿಗೇಶನ್. ಒಳಮುಖದಲ್ಲಿ ಸ್ಲಾಕ್, ಡಿಎನ್‌ಎಸ್ ಮಾಹಿತಿಯನ್ನೂ ರೂಟರ್ ಸಾರುವ ಸಂದೇಶದಲ್ಲೇ ಸೇರಿಸಿ. ಬರೀ ಡಿಎಚ್‌ಸಿಪಿವಿ6ರಿಂದ ವಿಳಾಸ ಹಂಚುತ್ತೇನೆ ಎಂದು ಹೊರಟರೆ ಆಂಡ್ರಾಯ್ಡ್ ಫೋನುಗಳು ಆ ರೀತಿ ಒಂಟಿ ವಿಳಾಸ ಪಡೆಯುವುದಿಲ್ಲ. ನಂತರ ಫೈರ್‌ವಾಲ್: ಒಳಗಿನಿಂದ ಶುರುವಾದ ಸಂಪರ್ಕಕ್ಕೆ ಅನುಮತಿ, ಹೊರಗಿನಿಂದ ಬರುವುದಕ್ಕೆ ತಡೆ. ನ್ಯಾಟ್ ಇದ್ದಾಗ ಈ ತಡೆ ತಾನಾಗಿ ಬಂದಂತೆ ತೋರುತ್ತಿತ್ತು. ಇಲ್ಲಿ ಅದನ್ನು ಬರೆಯಬೇಕು. ಒಳ್ಳೆಯ ರೂಟರ್‌ಗಳಲ್ಲಿ ಇದು ಮೊದಲೇ ಬರೆದಿರುತ್ತದೆ, ಆದರೂ ಹೊರಗಿನಿಂದ ಒಮ್ಮೆ ಪರೀಕ್ಷಿಸದೆ ನಂಬಬೇಡಿ.

ಫೈರ್‌ವಾಲ್‌ನಲ್ಲಿ ಎಲ್ಲರೂ ಮಾಡುವ ತಪ್ಪು ಐಸಿಎಂಪಿಯನ್ನು (ಜಾಲದ ತೊಂದರೆ ತಿಳಿಸುವ ಸಂದೇಶಗಳನ್ನು) ಪೂರಾ ಮುಚ್ಚುವುದು. ಐಪಿವಿ4ರಲ್ಲಿ ಅದು ಹೇಗೋ ನಡೆದುಹೋಗುತ್ತಿತ್ತು. ಐಪಿವಿ6ರಲ್ಲಿ ನಡುವಿನ ರೂಟರ್‌ಗಳು ಪ್ಯಾಕೆಟನ್ನು ತುಂಡು ಮಾಡುವುದಿಲ್ಲ. ದೊಡ್ಡದಾದರೆ ‘ಇದು ಹಿಡಿಸುವುದಿಲ್ಲ’ ಎಂದು ಐಸಿಎಂಪಿವಿ6ರ 2ನೇ ಬಗೆಯ ಸಂದೇಶ ವಾಪಸು ಕಳಿಸುತ್ತವೆ. ಅದನ್ನೇ ತಡೆದರೆ ಚಿಕ್ಕ ಪುಟಗಳು ತೆರೆಯುತ್ತವೆ, ಲಾಗಿನ್ ಆಗುತ್ತದೆ, ದೊಡ್ಡ ಫೈಲ್ ಶುರುವಾಗಿ ಅಲ್ಲೇ ಹೆಪ್ಪುಗಟ್ಟುತ್ತದೆ. ದಿನಗಟ್ಟಲೆ ಹುಡುಕಿದರೂ ಸಿಗದ ತೊಂದರೆ ಇದು. 1, 2, 3, 4ನೇ ಬಗೆಯ ಸಂದೇಶಗಳನ್ನು ದಾಟಲು ಬಿಡಿ. ಪಿಂಗ್‌ಗಾಗಿ (ಆಚೆಯ ಸಾಧನ ಉತ್ತರಿಸುತ್ತದೆಯೇ ಎಂಬ ಪರೀಕ್ಷೆಗೆ) 128 ಮತ್ತು 129. ಒಳಜಾಲದಲ್ಲಿ ನೆರೆಯವರನ್ನೂ ರೂಟರನ್ನೂ ಹುಡುಕಲು 133ರಿಂದ 136. ಕೊನೆಯ ನಾಲ್ಕನ್ನು ಮುಚ್ಚಿದರೆ ಐಪಿವಿ6 ಜಾಲವೇ ನಿಂತುಹೋಗುತ್ತದೆ.

ಡ್ಯುಯಲ್ ಸ್ಟಾಕ್‌ನ ಮಿತಿ ಏನು? ಐಪಿವಿ4 ಬೇಡಿಕೆ ಇದರಿಂದ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಪ್ರತಿ ಸಾಧನಕ್ಕೂ ಹಳೆಯ ವಿಳಾಸ ಬೇಕೇ ಬೇಕು. ಫೈರ್‌ವಾಲ್ ನಿಯಮ ಎರಡು ಸಲ, ನಿಗಾ ಎರಡು ಸಲ. ಹತ್ತು ಸಾಧನದ ಮನೆಗೆ ಇದು ಗೊತ್ತೇ ಆಗದ ಭಾರ. ಹತ್ತು ಸಾವಿರ ಸಾಧನದ ಕ್ಯಾಂಪಸ್‌ಗೆ ಕಾಯಂ ಸಾಲ.

ಆಯ್ಕೆ 3: ಒಳಗೆಲ್ಲ ಐಪಿವಿ6, ಅಂಚಿನಲ್ಲಿ ಅನುವಾದ

ದೊಡ್ಡ ಜಾಲ ನಡೆಸುವವರಿಗೆ ನಾವು ಹೇಳುವುದು ಇದನ್ನು. ಸಾಧನಗಳಿಗೆ ಐಪಿವಿ6 ಮಾತ್ರ; ಹಳೆಯ ತಾಣ ತಲುಪಲು ಅಂಚಿನಲ್ಲಿ ನ್ಯಾಟ್64 ಎಂಬ ಅನುವಾದಕ. ಜೊತೆಗಿರುವ ಡಿಎನ್‌ಎಸ್64, ಐಪಿವಿ4 ಮಾತ್ರ ಇರುವ ತಾಣಕ್ಕೂ ಒಂದು ಕೃತಕ ಐಪಿವಿ6 ವಿಳಾಸ ಹುಟ್ಟಿಸಿ ಕೊಡುತ್ತದೆ. ಆ ವಿಳಾಸದ ಕೊನೆಯ 32 ಬಿಟ್‌ಗಳಲ್ಲಿ ನಿಜವಾದ ಐಪಿವಿ4 ವಿಳಾಸ ಅಡಗಿರುತ್ತದೆ. ಬಳಸುವವರಿಗೆ ಗೊತ್ತೂ ಆಗುವುದಿಲ್ಲ.

ಎಲ್ಲಿ ಮುರಿಯುತ್ತದೆ? ಹೆಸರಿನ ಬದಲು ನೇರ ಐಪಿವಿ4 ಅಂಕಿಗಳನ್ನೇ ಒಳಗೆ ಬರೆದುಕೊಂಡಿರುವ ತಂತ್ರಾಂಶಗಳಲ್ಲಿ. ಡಿಎನ್‌ಎಸ್ ಕೇಳುವುದೇ ಇಲ್ಲವಾದ್ದರಿಂದ ಕೃತಕ ವಿಳಾಸ ಸಿಗುವುದಿಲ್ಲ. ಇದಕ್ಕೆ ಪರಿಹಾರವಾಗಿ 2013ರಲ್ಲಿ 464ಎಕ್ಸ್‌ಲ್ಯಾಟ್ ಬಂತು: ಸಾಧನದೊಳಗೇ ಸಿಲ್ಯಾಟ್ ಎಂಬ ಪುಟ್ಟ ಅನುವಾದಕ ಕೂತು ಆ್ಯಪ್‌ಗೆ ‘ಐಪಿವಿ4 ಇದೆ’ ಎಂಬ ಭ್ರಮೆ ಹುಟ್ಟಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಇದು 4.3ನೇ ಆವೃತ್ತಿಯಿಂದಲೇ ಇದೆ. ಐಫೋನ್‌ನಲ್ಲೂ, ಈಚಿನ ಮ್ಯಾಕ್‌ಗಳಲ್ಲೂ ಇದೆ. ವಿಂಡೋಸ್‌ನಲ್ಲಿ ಬಹುಕಾಲ ಇದು ಮೊಬೈಲ್ ಡೇಟಾ ಸಂಪರ್ಕಕ್ಕಷ್ಟೇ ಸೀಮಿತವಾಗಿತ್ತು, ಹಾಗಾಗಿ ವಿಂಡೋಸ್ ಯಂತ್ರಗಳೇ ತುಂಬಿರುವ ಕಚೇರಿಯಲ್ಲಿ ಮೊದಲು ಪರೀಕ್ಷಿಸಿ ನೋಡಿ. ಐಫೋನ್ ಆ್ಯಪ್‌ಗಳ ವಿಷಯದಲ್ಲಿ ಚಿಂತೆ ಕಡಿಮೆ. ಐಪಿವಿ6 ಮಾತ್ರ ಇರುವ ಜಾಲದಲ್ಲೂ ಆ್ಯಪ್ ಕೆಲಸ ಮಾಡಲೇಬೇಕೆಂದು ಆ್ಯಪಲ್ 2016ರ ಜೂನ್‌ನಿಂದಲೇ ಕಡ್ಡಾಯ ಮಾಡಿದೆ. ಇನ್ನೊಂದು ಅಡ್ಡಿ ಡಿಎನ್‌ಎಸ್ ಉತ್ತರಗಳಿಗೆ ಸಹಿ ಹಾಕುವ ಡಿಎನ್‌ಎಸ್‌ಸೆಕ್: ಕೃತಕ ಉತ್ತರಕ್ಕೆ ಸಹಿ ಇರುವುದಿಲ್ಲ, ಸಾಧನವೇ ಸಹಿ ಪರಿಶೀಲಿಸಿದರೆ ತಿರಸ್ಕರಿಸುತ್ತದೆ.

ಪೂರ್ತಿ ಧುಮುಕಲು ಭಯವಾದರೆ ನಡುದಾರಿಯೂ ಇದೆ. 2020ರಲ್ಲಿ ಬಂದ ಡಿಎಚ್‌ಸಿಪಿಯ 108ನೇ ಆಯ್ಕೆ ಸಾಧನವನ್ನು ‘ಐಪಿವಿ4 ಇಲ್ಲದೆ ನಡೆಸಬಲ್ಲೆಯಾ’ ಎಂದು ಕೇಳಿದಂತೆ ಕೆಲಸ ಮಾಡುತ್ತದೆ. ಬಲ್ಲ ಫೋನುಗಳು ಐಪಿವಿ4ನ್ನು ಬಿಟ್ಟುಕೊಡುತ್ತವೆ, ಹಳೆಯ ಪ್ರಿಂಟರ್ ಅದೇ ಜಾಲದಲ್ಲಿ ತನ್ನ ಹಳೆಯ ವಿಳಾಸ ಪಡೆದುಕೊಳ್ಳುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವವರಿಗೆ ಹೇಳಿ ಮಾಡಿಸಿದಂಥದ್ದು. ಕ್ಯಾಂಪಸ್, ದೊಡ್ಡ ಕಚೇರಿ, ಸಮ್ಮೇಳನಗಳ ವೈಫೈ, ಇಲ್ಲೆಲ್ಲ ಡ್ಯುಯಲ್ ಸ್ಟಾಕ್‌ಗಿಂತ ಇದನ್ನೇ ಆರಿಸಿ.

‘ನ್ಯಾಟ್64 ಕೂಡ ನ್ಯಾಟೇ ತಾನೇ, ಸಿಜಿನ್ಯಾಟ್‌ಗಿಂತ ಏನು ಮೇಲು’ ಎಂಬ ಪ್ರಶ್ನೆ ನ್ಯಾಯವಾದದ್ದು. ಪೋರ್ಟ್ ಹಂಚಿಕೆ, ದಾಖಲೆ ಇಡುವ ಹೊರೆ ಎರಡಕ್ಕೂ ಒಂದೇ. ವ್ಯತ್ಯಾಸ ಇರುವುದು ಕಾಲದ ದಿಕ್ಕಿನಲ್ಲಿ. ಹೆಚ್ಚು ತಾಣಗಳು ಐಪಿವಿ6ಗೆ ಬಂದಷ್ಟೂ ನ್ಯಾಟ್64 ಮೇಲಿನ ಭಾರ ಇಳಿಯುತ್ತದೆ, ಒಂದು ದಿನ ಅದನ್ನು ಚಿಕ್ಕದು ಮಾಡಬಹುದು. ಐಪಿವಿ4 ಮಾತ್ರ ಇರುವ ಜಾಲದ ಸಿಜಿನ್ಯಾಟ್ ಪೆಟ್ಟಿಗೆ ಬಳಕೆ ಬೆಳೆದಂತೆಲ್ಲ ದೊಡ್ಡದಾಗುತ್ತಲೇ ಹೋಗಬೇಕು.

ಆಯ್ಕೆ 4: ಸುರಂಗ

ಸೇವಾದಾತರು ಐಪಿವಿ6 ಕೊಡುವುದೇ ಇಲ್ಲವಾದರೆ ಐಪಿವಿ4 ಒಳಗೆ ಐಪಿವಿ6ನ್ನು ಸುತ್ತಿ ಸಾಗಿಸಬಹುದು. ಉಚಿತ ಟನೆಲ್ ಸೇವೆಗಳು ಸಾಮಾನ್ಯವಾಗಿ 6ಇನ್4 ಬಳಸುತ್ತವೆ. ಇದು ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ. 41ನೇ ಸಂಖ್ಯೆಯ ಬೇರೆಯೇ ಪ್ರೊಟೊಕಾಲ್. ಪೋರ್ಟ್ ಎಂಬುದೇ ಇಲ್ಲದ್ದರಿಂದ ಸಿಜಿನ್ಯಾಟ್ ಇದನ್ನು ದಾಟಿಸುವುದಿಲ್ಲ, ಅಂದರೆ ಐಪಿವಿ6 ಅತಿ ಹೆಚ್ಚು ಬೇಕಾದವರಿಗೇ ಇದು ಸಿಗದು. ಅಂಥವರು /48 ಅಥವಾ ಕನಿಷ್ಠ ಇನ್ನೊಂದು /64 ಕಳಿಸಿಕೊಡುವ ಬಾಡಿಗೆ ಸರ್ವರ್ ಹಿಡಿದು ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿಕೊಳ್ಳಬಹುದು. ಅದು ಯುಡಿಪಿ ಮೇಲೆ ಓಡುತ್ತದೆ; 25 ಸೆಕೆಂಡಿನ ಕೀಪ್‌ಅಲೈವ್ ಕೊಟ್ಟರೆ ನ್ಯಾಟ್ ಬಾಗಿಲು ತೆರೆದೇ ಇರುತ್ತದೆ.

ಗಾತ್ರದ ಲೆಕ್ಕ ನೆನಪಿರಲಿ. 6ಇನ್4 ಪ್ರತಿ ಪ್ಯಾಕೆಟ್‌ಗೆ 20 ಬೈಟ್ ಸೇರಿಸುವುದರಿಂದ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1480. ವೈರ್‌ಗಾರ್ಡ್‌ಗೆ ಸಾಮಾನ್ಯವಾಗಿ 1420. 1280ಕ್ಕಿಂತ ಕೆಳಗೆ ಇಳಿಸಿದರೆ ಐಪಿವಿ6 ನಡೆಯುವುದಿಲ್ಲ, ಅದು ಕನಿಷ್ಠ ಮಿತಿ. ಎಲ್ಲ ಸಂಚಾರವೂ ಸುರಂಗದ ಇನ್ನೊಂದು ತುದಿ ಮುಟ್ಟಿಯೇ ಹೋಗುವುದರಿಂದ ತಡ ಹೆಚ್ಚುತ್ತದೆ, ಆ ತುದಿ ಇರುವ ದೇಶದವರೆಂದು ವಿಡಿಯೊ ತಾಣಗಳು ನಿಮ್ಮನ್ನು ಭಾವಿಸುತ್ತವೆ ಅಥವಾ ಪ್ರಾಕ್ಸಿ (ಮಧ್ಯವರ್ತಿ ಸರ್ವರ್) ಎಂದು ತಡೆಯುತ್ತವೆ. ಕಲಿಯಲು, ಪರೀಕ್ಷಿಸಲು ಸೊಗಸು. ಇಡೀ ಮನೆಯ ನಿತ್ಯಬಳಕೆಗೆ ಬೇಡ. ಹಳೆಯ ಲೇಖನಗಳಲ್ಲಿ ಕಾಣುವ 6ಟು4, ಟೆರೆಡೊ ಎಂಬ ಸುರಂಗ ವಿಧಾನಗಳ ಹತ್ತಿರ ಹೋಗಲೇಬೇಡಿ. 6ಟು4ರ ಸಾರ್ವಜನಿಕ ರಿಲೇ ವ್ಯವಸ್ಥೆಯನ್ನು 2015ರಲ್ಲೇ ಅಧಿಕೃತವಾಗಿ ಕೈಬಿಡಲಾಗಿದೆ.

ವೆಬ್‌ಸೈಟ್, ಆ್ಯಪ್ ನಡೆಸುವವರಿಗೆ

ನಿಮ್ಮ ಪ್ರಶ್ನೆ ಬೇರೆ: ಬರುವವರ ಬಳಿ ಏನಿದೆಯೋ ನಿಮಗೆ ಗೊತ್ತಿಲ್ಲ, ಇಬ್ಬರಿಗೂ ಬಾಗಿಲು ತೆರೆಯಬೇಕು. ಅದೃಷ್ಟಕ್ಕೆ ಒಳಗಿನ ಎಲ್ಲವನ್ನೂ ಬದಲಿಸಬೇಕಿಲ್ಲ. ತಲೆಬಾಗಿಲಲ್ಲಿರುವ ಪ್ರಾಕ್ಸಿ ಅಥವಾ ಸಿಡಿಎನ್ (ಪುಟಗಳನ್ನು ಹಲವೆಡೆಯಿಂದ ತಲುಪಿಸುವ ಸರ್ವರ್ ಜಾಲ) ಎರಡನ್ನೂ ಮಾತಾಡಿದರೆ ಸಾಕು, ಹಿಂದಿನ ಸರ್ವರ್‌ಗಳು ಒಂದರಲ್ಲೇ ಇರಬಹುದು. ಹೊಸದಾಗಿ ಕಟ್ಟುವವರು ಹಿಂದಿನದನ್ನೆಲ್ಲ ಐಪಿವಿ6ರಲ್ಲಿಟ್ಟು ಮುಂಬಾಗಿಲಿಗೆ ಮಾತ್ರ ಒಂದೆರಡು ಐಪಿವಿ4 ವಿಳಾಸ ಪಡೆದರೆ ಬಾಡಿಗೆಯೂ ಉಳಿಯುತ್ತದೆ. ಐಪಿವಿ4 ಇಲ್ಲದೆ ಇಡೀ ಸಾರ್ವಜನಿಕ ತಾಣ ನಡೆಸುವ ಕಾಲ ಇನ್ನೂ ಬಂದಿಲ್ಲ. ಅರ್ಧದಷ್ಟು ಓದುಗರನ್ನು ಬಾಗಿಲಲ್ಲೇ ನಿಲ್ಲಿಸಿದಂತಾಗುತ್ತದೆ.

ಕೆಲಸದ ಕ್ರಮವೇ ಇಲ್ಲಿ ಎಲ್ಲ. ತಾಣದ ಐಪಿವಿ6 ವಿಳಾಸ ಹೇಳುವ, ಡಿಎನ್‌ಎಸ್‌ನ ಕ್ವಾಡ್-ಎ ದಾಖಲೆ ಕೊನೆಯದಾಗಿರಲಿ. ಮೊದಲು ಸರ್ವರ್ ಐಪಿವಿ6ರಲ್ಲೂ ಕಿವಿಗೊಡುತ್ತಿದೆಯೇ ನೋಡಿ. ಆಮೇಲೆ ಫೈರ್‌ವಾಲ್, ಲಿನಕ್ಸ್‌ನ ಹಳೆಯ ಐಪಿಟೇಬಲ್ಸ್ ನಿಯಮಗಳು ಐಪಿವಿ6ಗೆ ಅನ್ವಯಿಸುವುದೇ ಇಲ್ಲ, ಅದಕ್ಕೆ ಬೇರೆ ಪಟ್ಟಿ. ಐಪಿವಿ4ರಲ್ಲಿ ಭದ್ರವಾಗಿ ಮುಚ್ಚಿದ ಡೇಟಾಬೇಸ್ ಪೋರ್ಟ್ ಐಪಿವಿ6ರಲ್ಲಿ ಬಟಾಬಯಲಾಗಿ ತೆರೆದಿರುವುದು ಹೀಗೆಯೇ. ನಂತರ ಕೋಡ್: ವಿಳಾಸ ಉಳಿಸುವ ಕಾಲಂ 15 ಅಕ್ಷರದ್ದಾಗಿದ್ದರೆ ಐಪಿವಿ6 ವಿಳಾಸ ಹಿಡಿಸದು. ಪೂರ್ಣ ರೂಪಕ್ಕೆ 39 ಅಕ್ಷರ ಬೇಕು, ಐಪಿವಿ4 ಬೆರೆತ ರೂಪಕ್ಕೆ 45. ಒಂದೇ ವಿಳಾಸವನ್ನು ಸೊನ್ನೆಗಳನ್ನು ಮಡಚಿ ಹಲವು ರೀತಿ ಬರೆಯಬಹುದಾದ್ದರಿಂದ ಪಠ್ಯವಾಗಿ ಹೋಲಿಸಬೇಡಿ. 16 ಬೈಟ್‌ನ ದ್ವಿಮಾನವಾಗಿ, ಇಲ್ಲವೇ ಡೇಟಾಬೇಸ್‌ನ ವಿಳಾಸ ಪ್ರಕಾರದಲ್ಲಿ ಇಡಿ. ಪೋರ್ಟ್ ಜೊತೆ ಬರೆಯುವಾಗ ಚೌಕ ಆವರಣ ಬೇಕು, ಉದಾಹರಣೆಗೆ [2001:4860:4860::8888]:443.

ದುರ್ಬಳಕೆ ತಡೆಯುವ ಮಿತಿಗಳನ್ನು ಒಂಟಿ ವಿಳಾಸಕ್ಕೆ ಹಾಕುವುದು ಗಾಳಿಗೆ ಗುದ್ದಿದಂತೆ. ಒಬ್ಬ ಬಳಕೆದಾರರ ಕೈಯಲ್ಲಿ ಒಂದು /64 ಪೂರ್ತಿ, ಅಂದರೆ ಸುಮಾರು 18ರ ಮುಂದೆ 18 ಸೊನ್ನೆ ಇಟ್ಟಷ್ಟು ವಿಳಾಸ ಇರುತ್ತದೆ. ಮಿತಿಯನ್ನು /64ಗೆ ಹಾಕಿ. ತಪ್ಪಿಸಿಕೊಳ್ಳುವವರು ಕಂಡರೆ /56ಗೆ ಹಿಗ್ಗಿಸಿ.

ಮೇಲ್ ಸರ್ವರ್ ಮಾತ್ರ ಆತುರ ಬೇಡ. ಐಪಿವಿ6ರಿಂದ ಕಳಿಸುವಾಗ ರಿವರ್ಸ್ ಡಿಎನ್‌ಎಸ್ (ವಿಳಾಸದಿಂದ ಹೆಸರು ತಿಳಿಸುವ) ದಾಖಲೆ ಇಲ್ಲದಿದ್ದರೆ, ಎಸ್‌ಪಿಎಫ್‌ನಲ್ಲಿ (ಯಾವ ಸರ್ವರ್‌ಗಳು ಮೇಲ್ ಕಳಿಸಬಹುದೆಂಬ ಪಟ್ಟಿಯಲ್ಲಿ) ಐಪಿವಿ6 ವಿಳಾಸ ಸೇರಿಸದಿದ್ದರೆ ಜಿಮೇಲ್‌ನಂಥ ಸೇವೆಗಳು ಮೇಲನ್ನು ಮರಳಿಸಬಹುದು. ಎರಡೂ ಸಿದ್ಧವಾಗುವವರೆಗೆ ಹೊರಹೋಗುವ ಮೇಲ್ ಐಪಿವಿ4ರಲ್ಲೇ ಇರಲಿ.

ಮಾತಿಗೆ ಮೀರಿದ ಭರವಸೆಗಳು

‘ಐಪಿವಿ6 ವೇಗ ಹೆಚ್ಚು’ ಎನ್ನುವುದನ್ನು ಹಾಗೆಯೇ ನುಂಗಬೇಡಿ. ಹೆಡರ್ 40 ಬೈಟ್, ಐಪಿವಿ4ರದ್ದು ಕನಿಷ್ಠ 20. 1500 ಬೈಟ್‌ನ ಪ್ಯಾಕೆಟ್‌ನಲ್ಲಿ ಶೇ. 1.3ರಷ್ಟು ನಷ್ಟವೇ. ಸಿಜಿನ್ಯಾಟ್ ಪೆಟ್ಟಿಗೆ ಕಿಕ್ಕಿರಿದಿದ್ದರೆ ಅದನ್ನು ತಪ್ಪಿಸಿದ್ದರ ಲಾಭ ಸಿಗುತ್ತದೆ. ಅದಿಲ್ಲದ ಕಡೆ ವ್ಯತ್ಯಾಸ ಕಾಣಿಸದು. ಸೇವಾದಾತರ ಐಪಿವಿ6 ದಾರಿ ಸುತ್ತುಬಳಸಾಗಿದ್ದರೆ ನಿಧಾನವೂ ಆದೀತು.

‘ಸುರಕ್ಷತೆ ಹೆಚ್ಚು’ ಎಂಬುದು ಐಪಿಸೆಕ್ (ಪ್ಯಾಕೆಟ್‌ಗಳನ್ನು ಗೂಢಲಿಪಿಯಲ್ಲಿ ಕಾಯುವ ವಿಧಾನ) ಕಡ್ಡಾಯವಿದ್ದ ಹಳೆಯ ನಿಯಮದ ನೆನಪು. 2011ರಲ್ಲಿ ಆ ಕಡ್ಡಾಯವನ್ನು ಶಿಫಾರಸಿನ ಮಟ್ಟಕ್ಕೆ ಇಳಿಸಲಾಯಿತು. ಒಂದು /64ನ್ನು ಸಾಲಾಗಿ ಸ್ಕ್ಯಾನ್ ಮಾಡಿ ಯಂತ್ರ ಹುಡುಕುವುದು ಆಗದ ಮಾತು, ಅಷ್ಟು ನಿಜ. ಆದರೆ ಸರ್ವರ್‌ಗೆ ಕೊನೆಯಲ್ಲಿ ::1 ಎಂದು ವಿಳಾಸ ಕೊಟ್ಟರೆ ಹುಡುಕುವವರು ಮೊದಲು ತಟ್ಟುವುದು ಆ ಬಾಗಿಲನ್ನೇ.

ಖಾಸಗಿತನದಲ್ಲಿ ಸ್ವಲ್ಪ ಕೊಟ್ಟು ತೆಗೆದುಕೊಳ್ಳುವುದಿದೆ. ಹಿಂದೆ ಸಾಧನದ ಮ್ಯಾಕ್ ವಿಳಾಸವೇ (ಯಂತ್ರಾಂಶದ ಗುರುತಿನ ಸಂಖ್ಯೆಯೇ) ಐಪಿವಿ6 ವಿಳಾಸದಲ್ಲಿ ಇಣುಕುತ್ತಿತ್ತು. ಈಗಿನ ಕಾರ್ಯಾಚರಣ ವ್ಯವಸ್ಥೆಗಳು ದಿನಕ್ಕೊಮ್ಮೆ ಬದಲಾಗುವ ತಾತ್ಕಾಲಿಕ ವಿಳಾಸದಿಂದ ಹೊರಹೋಗುತ್ತವೆ. ಆದರೆ ಪ್ರಿಫಿಕ್ಸ್ ನಿಮ್ಮ ಮನೆಯದೇ. ಸಿಜಿನ್ಯಾಟ್‌ನ ಗುಂಪಿನಲ್ಲಿ ಗೋವಿಂದ ಎನ್ನುತ್ತಾ ಮರೆಯಾಗುವ ಸೌಲಭ್ಯ ಇಲ್ಲಿಲ್ಲ. ಸ್ಥಿರ ಪ್ರಿಫಿಕ್ಸ್ ಕೇಳುವಾಗ ಈ ಬೆಲೆಯೂ ಗೊತ್ತಿರಲಿ.

ಎರಡು ಸೇವಾದಾತರನ್ನು ಇಟ್ಟುಕೊಂಡ ಸಣ್ಣ ಕಚೇರಿಗೆ ಐಪಿವಿ6 ಇನ್ನೂ ಕಿರಿಕಿರಿಯೇ. ಐಪಿವಿ4ರಲ್ಲಿ ಒಂದು ತಂತಿ ಕಡಿದರೆ ನ್ಯಾಟ್ ಇನ್ನೊಂದಕ್ಕೆ ತಿರುಗಿಸುತ್ತದೆ, ಒಳಗಿನ ವಿಳಾಸ ಬದಲಾಗುವುದಿಲ್ಲ. ಐಪಿವಿ6ರಲ್ಲಿ ಇಬ್ಬರದೂ ಬೇರೆ ಬೇರೆ ಪ್ರಿಫಿಕ್ಸ್. ಸ್ವಂತ ವಿಳಾಸ ಮತ್ತು ಬಿಜಿಪಿ (ಜಾಲಗಳು ಪರಸ್ಪರ ದಾರಿ ತಿಳಿಸಿಕೊಳ್ಳುವ ವ್ಯವಸ್ಥೆ) ಇಲ್ಲದಿದ್ದರೆ ಪ್ರಿಫಿಕ್ಸನ್ನಷ್ಟೇ ಬದಲಿಸುವ ಎನ್‌ಪಿಟಿವಿ6 ಬಳಸಬೇಕಾಗುತ್ತದೆ. ಶುದ್ಧವಾದಿಗಳು ಮೂಗು ಮುರಿಯುತ್ತಾರೆ, ಕೆಲಸ ನಡೆಯುತ್ತದೆ.

ಯಾರಿಗೆ ಯಾವುದು

ಮನೆ, ಸೇವಾದಾತರು ಐಪಿವಿ6 ಕೊಡುತ್ತಾರೆ: ಡ್ಯುಯಲ್ ಸ್ಟಾಕ್ ಆನ್ ಮಾಡಿ. ರೂಟರ್ ಐಪಿವಿ6 ಫೈರ್‌ವಾಲ್ ಇಲ್ಲದಷ್ಟು ಹಳೆಯದಾದರೆ ಮೊದಲು ರೂಟರ್ ಬದಲಿಸಿ, ಆಮೇಲೆ ಗುಂಡಿ ಒತ್ತಿ. ಮನೆ, ಐಪಿವಿ6 ಇಲ್ಲ, ಹೊರಗಿನಿಂದ ಸಂಪರ್ಕವೂ ಬೇಡ: ಇದ್ದ ಹಾಗೇ ಇರಿ, ಕಳೆದುಕೊಳ್ಳುವುದೇನೂ ಇಲ್ಲ. ಸಿಜಿನ್ಯಾಟ್ ಹಿಂದೆ ಕೂತು ಸರ್ವರ್ ಇಡಬೇಕೆನ್ನುವವರಿಗೆ ಐಪಿವಿ6 ಅಥವಾ ಬಾಡಿಗೆ ಸರ್ವರ್‌ಗೆ ಸುರಂಗ, ಇವೆರಡೇ ಚೊಕ್ಕ ದಾರಿ. ಸಣ್ಣ ಕಚೇರಿಗೆ ಡ್ಯುಯಲ್ ಸ್ಟಾಕ್, ಆದರೆ ಹಳೆಯ ಯಂತ್ರಗಳನ್ನು ಐಪಿವಿ4 ಮಾತ್ರ ಇರುವ ಪ್ರತ್ಯೇಕ ವಿಲ್ಯಾನ್‌ಗೆ (ಅದೇ ತಂತಿಗಳ ಮೇಲೆ ಬೇರ್ಪಡಿಸಿದ ಜಾಲಕ್ಕೆ) ಸರಿಸಿ. ದೊಡ್ಡ ಜಾಲವಾದರೆ ಹೊಸ ಮಹಡಿ, ಹೊಸ ವೈಫೈ ಬಂದಾಗ 108ನೇ ಆಯ್ಕೆಯೊಂದಿಗೆ ಶುರುಮಾಡಿ. ಇದ್ದದ್ದನ್ನೆಲ್ಲ ಒಂದೇ ರಾತ್ರಿ ಕಿತ್ತುಹಾಕಬೇಡಿ.

ಆನ್ ಮಾಡಿದ ದಿನ ಮಾಡಬೇಕಾದ ಪರೀಕ್ಷೆ

ಬ್ರೌಸರ್‌ನಲ್ಲಿ ತಾಣ ತೆರೆಯಿತು ಎಂಬುದು ಪುರಾವೆಯಲ್ಲ. ಬ್ರೌಸರ್‌ಗಳು ಐಪಿವಿ6 ತಡವರಿಸಿದರೆ ಸುಮಾರು 250 ಮಿಲಿಸೆಕೆಂಡ್ ಕಾದು ಐಪಿವಿ4ರಲ್ಲೂ ಪ್ರಯತ್ನಿಸಿ, ಮೊದಲು ಸಿಕ್ಕಿದ್ದನ್ನು ಹಿಡಿದು ಮುಂದೆ ಹೋಗುತ್ತವೆ. ಈ ಜಾಣತನ ಕೆಟ್ಟ ಐಪಿವಿ6ನ್ನು ಮುಚ್ಚಿಡುತ್ತದೆ. ಈ ಜಾಣತನವಿಲ್ಲದ ಬ್ಯಾಕಪ್ ಸ್ಕ್ರಿಪ್ಟ್ ಲಿನಕ್ಸ್‌ನಲ್ಲಿ ಒಂದು ಸಂಪರ್ಕಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಕಾಯುತ್ತಾ ಕೂರುತ್ತದೆ.

ಹಾಗಾಗಿ ಐಪಿವಿ6ನ್ನೇ ಬಲವಂತವಾಗಿ ಬಳಸಿ ನೋಡಿ. ಪಿಂಗ್ ಆದೇಶಕ್ಕೆ -6 ಸೇರಿಸಿ 2001:4860:4860::8888ಕ್ಕೆ ಕಳಿಸಿ; ಇದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್. ಉತ್ತರ ಬಂದರೆ ದಾರಿ ಸರಿ. ಅದನ್ನೇ ಹೆಸರಿನ ಮೂಲಕ ಮಾಡಿ, ಬಂದರೆ ಡಿಎನ್‌ಎಸ್ ಸರಿ. ಮೂರನೆಯದಾಗಿ ಪ್ಯಾಕೆಟ್ ತುಂಡಾಗದಂತೆ ಸೂಚಿಸಿ 1452 ಬೈಟ್‌ನ ಪಿಂಗ್ ಕಳಿಸಿ: 1500ರಲ್ಲಿ ಹೆಡರ್‌ನ 40, ಐಸಿಎಂಪಿಯ 8 ಕಳೆದ ಮೊತ್ತ ಅದು. ಪಿಪಿಪಿಒಇ (ಹೆಸರು, ಗುಪ್ತಪದ ಕೊಟ್ಟು ತೆರೆಯುವ ಬ್ರಾಡ್‌ಬ್ಯಾಂಡ್) ಸಂಪರ್ಕದಲ್ಲಿ 1444 ದಾಟಿದರೆ ಸಾಕು. ಚಿಕ್ಕದು ಹೋಗಿ ದೊಡ್ಡದು ಸದ್ದಿಲ್ಲದೆ ಮಾಯವಾದರೆ ಐಸಿಎಂಪಿವಿ6ನ್ನು ಯಾರೋ ತಡೆಯುತ್ತಿದ್ದಾರೆ. ಅದು ಸರಿಯಾಗುವವರೆಗೆ ರೂಟರ್‌ನಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಪ್ಯಾಕೆಟ್‌ನೊಳಗಿನ ಮಾಹಿತಿಯ ಗಾತ್ರಕ್ಕೆ ಮಿತಿ) ಹಾಕಿ. ಪೂರ್ಣ 1500ರ ದಾರಿಯಲ್ಲಿ ಐಪಿವಿ6ರ ಎಂಎಸ್‌ಎಸ್ 1440, ಐಪಿವಿ4ರಂತೆ 1460 ಅಲ್ಲ. ಕೊನೆಗೆ ಫೋನಿನ ಮೊಬೈಲ್ ಡೇಟಾದಿಂದ ನಿಮ್ಮ ಕಂಪ್ಯೂಟರ್‌ನ ಐಪಿವಿ6 ವಿಳಾಸಕ್ಕೆ ಸಂಪರ್ಕಿಸಲು ಯತ್ನಿಸಿ, ಫೋನಿಗೂ ಐಪಿವಿ6 ಇದೆಯೆಂದು ಖಚಿತಪಡಿಸಿಕೊಂಡ ಮೇಲೆ. ನೀವು ತೆರೆಯದ ಪೋರ್ಟ್‌ಗೆ ಸಂಪರ್ಕ ಸಿಕ್ಕರೆ ಐಪಿವಿ6ನ್ನು ಆಫ್ ಮಾಡಿ, ಫೈರ್‌ವಾಲ್ ನಿಯಮಗಳನ್ನು ಮೊದಲಿಂದ ಬರೆಯಿರಿ.